ಐರ್ಲೆಂಡ್‌ನಲ್ಲಿ ಜೀವನ ವೆಚ್ಚ

ಐರೋಪ್ಯ ಒಕ್ಕೂಟದಲ್ಲಿ ಜೀವನ ವೆಚ್ಚವು ಅತ್ಯಧಿಕವಾಗಿರುವ ದೇಶಗಳಲ್ಲಿ ಐರ್ಲೆಂಡ್ ಗಣರಾಜ್ಯವೂ ಒಂದು. ಮನೆ ಬಾಡಿಗೆ, ವಿದ್ಯುತ್, ವಾಹನ ವಿಮೆ, ಶಿಶುಪಾಲನೆ, ಮದ್ಯ ಮತ್ತು ತಂಬಾಕು ಇಲ್ಲಿ ವಿಶೇಷವಾಗಿ ದುಬಾರಿಯಾಗಿವೆ. ಪ್ರವಾಸಿಗರಿಗೆ ಈ ವೆಚ್ಚವು ಮೊದಲು ಅರಿವಿಗೆ ಬರುವುದು ಹೆಚ್ಚಾಗಿ ಕಾರು ಬಾಡಿಗೆಯ ಮೂಲಕ. ಈ ಬೆಲೆಗಳಿಗೆ ಒಂದೇ ಕಾರಣವಿಲ್ಲ. ದ್ವೀಪದ ಸಣ್ಣ ಮಾರುಕಟ್ಟೆ, ಬಳಕೆಯ ಮೇಲಿನ ತೆರಿಗೆಗಳು, 2008ರ ಆರ್ಥಿಕ ಕುಸಿತದ ನಂತರ ಉಂಟಾದ ವಸತಿ ಕೊರತೆ ಮತ್ತು ಚದುರಿದ ಜನವಸತಿಯಿಂದಾಗಿ ಕಾರಿನ ಮೇಲಿರುವ ಅವಲಂಬನೆ, ಈ ನಾಲ್ಕೂ ಪರಸ್ಪರ ಹೆಣೆದುಕೊಂಡಿವೆ.

ಬೆಲೆಮಟ್ಟದ ಅಳತೆ

ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟಾಟ್, ಸದಸ್ಯ ರಾಷ್ಟ್ರಗಳ ಬೆಲೆಗಳನ್ನು ಪ್ರತಿ ವರ್ಷ ಹೋಲಿಸುತ್ತದೆ. ಒಕ್ಕೂಟದ ಸರಾಸರಿಯನ್ನು 100 ಎಂದು ಇಟ್ಟುಕೊಂಡರೆ, 2023ರಲ್ಲಿ ಗೃಹ ಬಳಕೆಯ ಸರಕು ಮತ್ತು ಸೇವೆಗಳ ಬೆಲೆಮಟ್ಟವು ಡೆನ್ಮಾರ್ಕ್‌ನಲ್ಲಿ 143, ಐರ್ಲೆಂಡ್‌ನಲ್ಲಿ 142 ಮತ್ತು ಲಕ್ಸೆಂಬರ್ಗ್‌ನಲ್ಲಿ 135 ಇತ್ತು. ಅದೇ ವರ್ಷ ಬಲ್ಗೇರಿಯ ಮತ್ತು ರೊಮೇನಿಯಗಳಲ್ಲಿ ಅದು 60 ಆಗಿತ್ತು. ಮದ್ಯ ಮತ್ತು ತಂಬಾಕಿನ ಬೆಲೆಯು ಐರ್ಲೆಂಡ್‌ನಲ್ಲಿ ಒಕ್ಕೂಟದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಬೆಲೆಮಟ್ಟ ಮತ್ತು ಹಣದುಬ್ಬರ ಒಂದೇ ಅಲ್ಲ. ಹಣದುಬ್ಬರವು ಬೆಲೆಗಳು ಏರುವ ವೇಗವನ್ನು ಸೂಚಿಸಿದರೆ, ಬೆಲೆಮಟ್ಟವು ಅವು ಈಗಾಗಲೇ ತಲುಪಿರುವ ಎತ್ತರವನ್ನು ಸೂಚಿಸುತ್ತದೆ. ಐರ್ಲೆಂಡ್‌ನಲ್ಲಿ ಹಣದುಬ್ಬರವು ಅಕ್ಟೋಬರ್ 2022ರಲ್ಲಿ ಶೇ. 9.2ಕ್ಕೆ ಏರಿ ಆನಂತರ ಇಳಿಯಿತು. ಆದರೆ ಹಣದುಬ್ಬರ ಇಳಿದಾಗ ಬೆಲೆಗಳು ಹಿಂದಿನ ಮಟ್ಟಕ್ಕೆ ಮರಳುವುದಿಲ್ಲ. ಅವು ಏರುವ ವೇಗ ಮಾತ್ರ ತಗ್ಗುತ್ತದೆ.

ಹಿನ್ನೆಲೆ

ಐರ್ಲೆಂಡ್ 1973ರಲ್ಲಿ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿದಾಗ ಪಶ್ಚಿಮ ಯೂರೋಪಿನ ಬಡ ದೇಶಗಳಲ್ಲಿ ಒಂದಾಗಿತ್ತು. 1990ರ ದಶಕದ ಮಧ್ಯಭಾಗದಿಂದ ಬಹುರಾಷ್ಟ್ರೀಯ ಕಂಪನಿಗಳ ಬಂಡವಾಳದ ನೆರವಿನಿಂದ ದೇಶವು ವೇಗವಾಗಿ ಬೆಳೆಯಿತು. ಈ ಅವಧಿಯನ್ನು ‘ಕೆಲ್ಟಿಕ್ ಟೈಗರ್’ ಎಂದು ಕರೆಯಲಾಗುತ್ತದೆ. ತಂತ್ರಜ್ಞಾನ ಮತ್ತು ಔಷಧ ತಯಾರಿಕೆಯ ಕಂಪನಿಗಳು ನೀಡುವ ಹೆಚ್ಚಿನ ವೇತನವು ಇತರ ವಲಯಗಳ ವೇತನವನ್ನೂ ಮೇಲಕ್ಕೆಳೆಯಿತು. ಕ್ಷೌರ, ಹೋಟೆಲ್, ವಾಹನ ದುರಸ್ತಿಯಂತಹ ಸೇವೆಗಳನ್ನು ಹೊರದೇಶದಿಂದ ಆಮದು ಮಾಡಿಕೊಳ್ಳಲು ಸಾಧ್ಯವಿಲ್ಲದ ಕಾರಣ, ಅವುಗಳ ಬೆಲೆಯು ಸ್ಥಳೀಯ ವೇತನ ಮತ್ತು ಸ್ಥಳೀಯ ಬಾಡಿಗೆಯನ್ನು ಅನುಸರಿಸುತ್ತದೆ.

ದುಬಾರಿ ಬೆಲೆಗಳ ಕುರಿತ ಸಾರ್ವಜನಿಕ ಚರ್ಚೆ ಹೊಸದಲ್ಲ. 2005ರಲ್ಲಿ ರಾಷ್ಟ್ರೀಯ ವಾಹಿನಿ ಆರ್‌ಟಿಇಯಲ್ಲಿ ಎಡ್ಡಿ ಹಾಬ್ಸ್ ನಡೆಸಿಕೊಟ್ಟ ‘ರಿಪ್-ಆಫ್ ರಿಪಬ್ಲಿಕ್’ ಎಂಬ ದೂರದರ್ಶನ ಸರಣಿಯು ಜನಪ್ರಿಯವಾಗಿ, ಗ್ರಾಹಕರ ಅಸಮಾಧಾನಕ್ಕೆ ದನಿಯಾಯಿತು.

ವಸತಿ

ಜೀವನ ವೆಚ್ಚದ ಅತಿದೊಡ್ಡ ಅಂಶ ವಸತಿ. 2000ದ ದಶಕದ ಮಧ್ಯಭಾಗದಲ್ಲಿ ಬ್ಯಾಂಕುಗಳು ಧಾರಾಳವಾಗಿ ಸಾಲ ನೀಡಿದ್ದರಿಂದ ಗೃಹ ನಿರ್ಮಾಣವು ಮಿತಿಮೀರಿ ಬೆಳೆದಿತ್ತು. 2008ರಲ್ಲಿ ಈ ಗುಳ್ಳೆ ಒಡೆಯಿತು. ಸರಕಾರವು ಬ್ಯಾಂಕುಗಳ ಹೊಣೆಗೆ ಖಾತರಿ ನೀಡಿತು. 2010ರಲ್ಲಿ ದೇಶವು ಐರೋಪ್ಯ ಒಕ್ಕೂಟ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವಿನ ಮೊರೆಹೋಗಬೇಕಾಯಿತು. ನಿರ್ಮಾಣ ಕಂಪನಿಗಳು ದಿವಾಳಿಯಾದವು, ನುರಿತ ಕೆಲಸಗಾರರು ಬ್ರಿಟನ್, ಆಸ್ಟ್ರೇಲಿಯ ಮತ್ತು ಕೆನಡಗಳಿಗೆ ವಲಸೆ ಹೋದರು, ಸ್ಥಳೀಯ ಸಂಸ್ಥೆಗಳು ಕಟ್ಟುತ್ತಿದ್ದ ಸಾಮಾಜಿಕ ವಸತಿಯೂ ಬಹುಮಟ್ಟಿಗೆ ಸ್ಥಗಿತಗೊಂಡಿತು. 2013ರಲ್ಲಿ ಇಡೀ ದೇಶದಲ್ಲಿ ಪೂರ್ಣಗೊಂಡ ಹೊಸ ಮನೆಗಳ ಸಂಖ್ಯೆ 5,000ಕ್ಕಿಂತ ಕಡಿಮೆಯಿತ್ತು.

ಜನಸಂಖ್ಯೆಯು ಮಾತ್ರ ಏರುತ್ತಲೇ ಇತ್ತು. 2011ರ ಜನಗಣತಿಯಲ್ಲಿ ಸುಮಾರು 45.9 ಲಕ್ಷವಿದ್ದ ಜನಸಂಖ್ಯೆ 2022ರಲ್ಲಿ 51.5 ಲಕ್ಷಕ್ಕೆ ತಲುಪಿತು. 2023ರ ವೇಳೆಗೆ ವರ್ಷಕ್ಕೆ 32,000ಕ್ಕೂ ಹೆಚ್ಚು ಮನೆಗಳು ನಿರ್ಮಾಣವಾದರೂ ಹಿಂದಿನ ಕೊರತೆ ತುಂಬಲಿಲ್ಲ. ಸರಕಾರವು ನೇಮಿಸಿದ್ದ ವಸತಿ ಆಯೋಗವು 2024ರ ತನ್ನ ವರದಿಯಲ್ಲಿ, 2022ರ ಜನಗಣತಿಯ ವೇಳೆಗೆ 2,12,500ರಿಂದ 2,56,000 ಮನೆಗಳ ಕೊರತೆ ಇತ್ತೆಂದು ಅಂದಾಜಿಸಿತು.

ಇದರ ಪರಿಣಾಮಗಳು ಹಲವು. 2023ರಲ್ಲಿ ಡಬ್ಲಿನ್‌ನಲ್ಲಿ ಹೊಸ ಬಾಡಿಗೆ ಒಪ್ಪಂದಗಳ ಸರಾಸರಿ ಮಾಸಿಕ ಬಾಡಿಗೆ 2,000 ಯೂರೋಗಳನ್ನು ದಾಟಿತ್ತು. 2022ರ ಜನಗಣತಿಯ ಪ್ರಕಾರ 18 ವರ್ಷ ಮೀರಿದ 5.2 ಲಕ್ಷಕ್ಕೂ ಹೆಚ್ಚು ಮಂದಿ ತಂದೆತಾಯಿಯರ ಮನೆಯಲ್ಲಿಯೇ ವಾಸವಾಗಿದ್ದರು. ನಗರದಲ್ಲಿ ಬಾಡಿಗೆ ಭರಿಸಲಾಗದವರು ಕಿಲ್ಡೇರ್, ಮೀತ್, ವಿಕ್ಲೊ ಮುಂತಾದ ನೆರೆಯ ಕೌಂಟಿಗಳಿಗೆ ಸರಿದು ಅಲ್ಲಿಂದ ಪ್ರತಿದಿನ ಡಬ್ಲಿನ್‌ಗೆ ಪ್ರಯಾಣಿಸುತ್ತಾರೆ. ಹೀಗೆ ಬಾಡಿಗೆಯಲ್ಲಿ ಉಳಿಸಿದ ಹಣದ ಒಂದು ಭಾಗವು ಕಾರಿಗೆ ವ್ಯಯವಾಗುತ್ತದೆ.

ಕಾರಿನ ಮೇಲಿನ ಅವಲಂಬನೆ

ಐರ್ಲೆಂಡ್‌ನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಗ್ರಾಮೀಣ ಪ್ರದೇಶದಲ್ಲಿದ್ದಾರೆ. ಅಲ್ಲಿನ ಮನೆಗಳು ಒತ್ತಾದ ಹಳ್ಳಿಗಳಲ್ಲಿ ಇರುವುದಕ್ಕಿಂತ ರಸ್ತೆಯುದ್ದಕ್ಕೂ ಒಂಟಿಯಾಗಿ ಚದುರಿರುವುದೇ ಹೆಚ್ಚು. ಇಂತಹ ವಸತಿಗೆ ಬಸ್ಸಿನ ಸೌಕರ್ಯ ಒದಗಿಸುವುದು ಕಷ್ಟ. 20ನೆಯ ಶತಮಾನದ ಮಧ್ಯಭಾಗದಲ್ಲಿ ಅನೇಕ ರೈಲುಮಾರ್ಗಗಳನ್ನು ಮುಚ್ಚಲಾಯಿತು. ವಾಯವ್ಯದ ಡೊನೆಗಾಲ್ ಕೌಂಟಿಯಲ್ಲಿ ಇಂದು ರೈಲುಮಾರ್ಗವೇ ಇಲ್ಲ. ಡಬ್ಲಿನ್‌ನ ಹಾರ್ಕೋರ್ಟ್ ಬೀದಿ ಮಾರ್ಗವನ್ನು 1958ರ ಕೊನೆಯಲ್ಲಿ ಮುಚ್ಚಲಾಗಿತ್ತು. ಅದರ ಒಂದು ಭಾಗದಲ್ಲಿ 2004ರಿಂದ ಲುವಾಸ್ ಎಂಬ ಲಘು ರೈಲು ಓಡುತ್ತಿದೆ. ಆದುದರಿಂದ ಅನೇಕ ಕುಟುಂಬಗಳಿಗೆ ಕಾರು ಅನುಕೂಲದ ವಸ್ತುವಲ್ಲ, ಉದ್ಯೋಗ, ಶಾಲೆ ಮತ್ತು ವೈದ್ಯರನ್ನು ತಲುಪುವ ಏಕೈಕ ಮಾರ್ಗ.

ಕಾರು ಕೊಳ್ಳುವ ಮತ್ತು ಇಟ್ಟುಕೊಳ್ಳುವ ವೆಚ್ಚ

ಐರ್ಲೆಂಡ್‌ನಲ್ಲಿ ಕಾರುಗಳು ತಯಾರಾಗುವುದಿಲ್ಲ, ಎಲ್ಲವೂ ಆಮದಾಗುತ್ತವೆ. ಕಾರಿನ ಬೆಲೆಗೆ ಮುಖ್ಯವಾಗಿ ಈ ವೆಚ್ಚಗಳು ಸೇರುತ್ತವೆ:

• ಮೌಲ್ಯವರ್ಧಿತ ತೆರಿಗೆ: ಸಾಮಾನ್ಯ ದರವು ಶೇ. 23.
• ವಾಹನ ನೋಂದಣಿ ತೆರಿಗೆ: ಐರೋಪ್ಯ ಏಕ ಮಾರುಕಟ್ಟೆ ಜಾರಿಗೆ ಬಂದ 1993ರ ಜನವರಿಯಲ್ಲಿ, ಹಿಂದಿನ ಅಬಕಾರಿ ಸುಂಕದ ಬದಲಿಗೆ ಇದನ್ನು ತರಲಾಯಿತು. 2008ರಿಂದ ಇದರ ದರವು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು ಆಧರಿಸಿದೆ. 2022ರಲ್ಲಿ ಜಾರಿಗೆ ಬಂದ ದರಗಳು ಶೇ. 7ರಿಂದ ಶೇ. 41ರವರೆಗೆ ಇವೆ. ಮೌಲ್ಯವರ್ಧಿತ ತೆರಿಗೆಯೂ ಸೇರಿದ ಮಾರುಕಟ್ಟೆ ಬೆಲೆಯ ಮೇಲೆ ಇದನ್ನು ಲೆಕ್ಕ ಹಾಕುವುದರಿಂದ, ಇದು ತೆರಿಗೆಯ ಮೇಲಿನ ತೆರಿಗೆಯಾಗುತ್ತದೆ.
• ನೈಟ್ರೋಜನ್ ಆಕ್ಸೈಡ್ ಶುಲ್ಕ: 2020ರಿಂದ ಜಾರಿಯಲ್ಲಿದೆ.
• ರಸ್ತೆ ತೆರಿಗೆ ಮತ್ತು ತಪಾಸಣೆ: ವಾರ್ಷಿಕ ರಸ್ತೆ ತೆರಿಗೆಯ ಜೊತೆಗೆ, ನಾಲ್ಕು ವರ್ಷ ತುಂಬಿದ ಕಾರುಗಳಿಗೆ ರಾಷ್ಟ್ರೀಯ ಕಾರು ಪರೀಕ್ಷೆ ಕಡ್ಡಾಯ.

ಬಲಬದಿಯಲ್ಲಿ ಸ್ಟಿಯರಿಂಗ್ ಇರುವ ಕಾರುಗಳನ್ನು ಬಳಸುವುದು ಐರೋಪ್ಯ ಒಕ್ಕೂಟದಲ್ಲಿ ಐರ್ಲೆಂಡ್, ಮಾಲ್ಟ ಮತ್ತು ಸೈಪ್ರಸ್ ಮಾತ್ರ. ಹೀಗಾಗಿ ಜರ್ಮನಿ ಅಥವಾ ಫ್ರಾನ್ಸಿನ ಹಳೆಯ ಕಾರುಗಳು ಇಲ್ಲಿನ ಮಾರುಕಟ್ಟೆಗೆ ಹೊಂದುವುದಿಲ್ಲ. ಹಳೆಯ ಕಾರುಗಳ ಮುಖ್ಯ ಮೂಲ ಬ್ರಿಟನ್ ಆಗಿತ್ತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ನಂತರ, 2021ರ ಜನವರಿಯಿಂದ ಅಲ್ಲಿನ ಕಾರುಗಳಿಗೆ ಮೌಲ್ಯವರ್ಧಿತ ತೆರಿಗೆಯೂ, ಬ್ರಿಟನ್‌ನಲ್ಲಿ ತಯಾರಾಗದ ಕಾರುಗಳಿಗೆ ಸಾಮಾನ್ಯವಾಗಿ ಶೇ. 10ರ ಸುಂಕವೂ ಅನ್ವಯವಾದವು. ಆಮದು ಕುಗ್ಗಿ, ದೇಶದೊಳಗಿನ ಹಳೆಯ ಕಾರುಗಳ ಬೆಲೆ ಏರಿತು.

ವಿಮೆ

ಮೂರನೆಯ ವ್ಯಕ್ತಿಯ ವಾಹನ ವಿಮೆಯು ಕಾನೂನಿನ ಪ್ರಕಾರ ಕಡ್ಡಾಯ. ಕುತ್ತಿಗೆ ಉಳುಕಿನಂತಹ ಸಣ್ಣ ಗಾಯಗಳಿಗೂ ನ್ಯಾಯಾಲಯಗಳು ನೀಡುತ್ತಿದ್ದ ಪರಿಹಾರ ಮತ್ತು ಅದರ ಜೊತೆಗಿನ ವಕೀಲರ ವೆಚ್ಚ, ವಿಮಾ ಕಂತು ಏರಲು ಪ್ರಮುಖ ಕಾರಣಗಳೆಂದು ಹೇಳಲಾಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ನ್ಯಾಯಾಂಗ ಮಂಡಳಿಯ ಹೊಸ ಮಾರ್ಗಸೂಚಿಗಳು ಜಾರಿಗೆ ಬಂದು, ಸಣ್ಣ ಗಾಯಗಳ ಪರಿಹಾರವನ್ನು ತಗ್ಗಿಸಿದವು. 2010ರಲ್ಲಿ ಕ್ವಿನ್ ಮತ್ತು 2014ರಲ್ಲಿ ಸೆಟಾಂಟ ವಿಮಾ ಕಂಪನಿಗಳು ಕುಸಿದಾಗ ಉಂಟಾದ ನಷ್ಟದ ಹೊರೆಯ ಒಂದು ಭಾಗವೂ ಕರದ ರೂಪದಲ್ಲಿ ಇತರ ಪಾಲಿಸಿದಾರರ ಮೇಲೆ ಬಿದ್ದಿತು. ಯುವ ಚಾಲಕರಿಗೆ ಮತ್ತು ದೇಶಕ್ಕೆ ಹೊಸದಾಗಿ ಬಂದವರಿಗೆ ವಿಮಾ ಕಂತು ಹೆಚ್ಚಾಗಿರುತ್ತದೆ.

ಕಾರು ಬಾಡಿಗೆ

ಮೇಲೆ ವಿವರಿಸಿದ ವೆಚ್ಚಗಳೆಲ್ಲವೂ ಕಾರು ಬಾಡಿಗೆಯಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಇವುಗಳ ಜೊತೆಗೆ ಈ ಉದ್ಯಮಕ್ಕೇ ವಿಶಿಷ್ಟವಾದ ಕೆಲವು ಕಾರಣಗಳಿವೆ.

ಮೊದಲನೆಯದು ಋತುಮಾನ. ಪ್ರವಾಸಿಗರ ಬೇಡಿಕೆ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಕೇಂದ್ರೀಕೃತವಾಗಿದೆ. ಕಂಪನಿಗಳು ಬೇಸಿಗೆಗೆ ಮುನ್ನ ಕಾರುಗಳನ್ನು ಕೊಂಡು, ಶರತ್ಕಾಲದಲ್ಲಿ ಒಂದು ಭಾಗವನ್ನು ಮಾರುತ್ತವೆ. ಕಾರಿನ ಮೌಲ್ಯದಲ್ಲಾಗುವ ಸವಕಳಿಯನ್ನು ಈ ಅಲ್ಪ ಅವಧಿಯ ಬಾಡಿಗೆಯಿಂದಲೇ ತುಂಬಿಕೊಳ್ಳಬೇಕಾಗುತ್ತದೆ. ಯೂರೋಪಿನ ಮುಖ್ಯಭೂಮಿಯಲ್ಲಿ ಬೇಡಿಕೆ ಇಳಿದ ದೇಶದಿಂದ ಏರಿದ ದೇಶಕ್ಕೆ ಕಾರುಗಳನ್ನು ಸಾಗಿಸಬಹುದು. ಸಮುದ್ರ ಮತ್ತು ಬಲಬದಿಯ ಸ್ಟಿಯರಿಂಗ್ ಎರಡೂ ಐರ್ಲೆಂಡ್‌ಗೆ ಈ ಅವಕಾಶವನ್ನು ಇಲ್ಲವಾಗಿಸುತ್ತವೆ.

ಎರಡನೆಯದು ಪ್ರವಾಸಿ ತಾಣಗಳ ಸ್ವರೂಪ. 2014ರಲ್ಲಿ ಆರಂಭವಾದ, ಸುಮಾರು 2,500 ಕಿ.ಮೀ. ಉದ್ದದ ‘ವೈಲ್ಡ್ ಅಟ್ಲಾಂಟಿಕ್ ವೇ’ ವಾಹನದಲ್ಲಿ ಸಾಗುವವರಿಗಾಗಿಯೇ ರೂಪಿಸಿದ ಕರಾವಳಿ ಮಾರ್ಗ. ಪಶ್ಚಿಮ ತೀರದ ಅನೇಕ ಸ್ಥಳಗಳಿಗೆ ಬಸ್ಸುಗಳು ವಿರಳ. ಪರ್ಯಾಯವಿಲ್ಲದ ಕಡೆ ಬೆಲೆ ಏರಿದರೂ ಬೇಡಿಕೆ ಕುಗ್ಗುವುದಿಲ್ಲ.

ಮೂರನೆಯದು ಕೋವಿಡ್-19 ಸಾಂಕ್ರಾಮಿಕ. 2020ರಲ್ಲಿ ಪ್ರವಾಸೋದ್ಯಮ ನಿಂತಾಗ ಬಾಡಿಗೆ ಕಂಪನಿಗಳು ತಮ್ಮ ಕಾರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾರಿದವು. ಪ್ರವಾಸಿಗರು ಮರಳುವ ವೇಳೆಗೆ ಜಾಗತಿಕ ಚಿಪ್ ಕೊರತೆಯಿಂದ ಹೊಸ ಕಾರುಗಳು ದೊರೆಯಲಿಲ್ಲ. ಇದರಿಂದ 2022ರ ಬೇಸಿಗೆಯಲ್ಲಿ ಬಾಡಿಗೆ ದರಗಳು ತೀವ್ರವಾಗಿ ಏರಿದವು.

ಗ್ರಾಹಕರು ಪಾವತಿಸುವ ಅಂತಿಮ ಮೊತ್ತವು ಅಂತರಜಾಲದಲ್ಲಿ ಕಾಣುವ ದಿನದ ದರಕ್ಕಿಂತ ಹೆಚ್ಚಾಗಿರಬಹುದು. ವಿಮಾನ ನಿಲ್ದಾಣದ ಶುಲ್ಕ, 25 ವರ್ಷದೊಳಗಿನ ಚಾಲಕರಿಗೆ ಹೆಚ್ಚುವರಿ ಶುಲ್ಕ, ಎರಡನೆಯ ಚಾಲಕನ ಶುಲ್ಕ ಮುಂತಾದವು ಸೇರಿಕೊಳ್ಳುತ್ತವೆ. ಸ್ವಯಂಚಾಲಿತ ಗೇರಿನ ಕಾರುಗಳಿಗೆ ಸಾಮಾನ್ಯವಾಗಿ ಬಾಡಿಗೆ ಹೆಚ್ಚು. ಅಪಘಾತವಾದರೆ ಗ್ರಾಹಕನೇ ಭರಿಸಬೇಕಾದ ಮೊತ್ತವನ್ನು ತಗ್ಗಿಸುವ ಹೆಚ್ಚುವರಿ ವಿಮೆಯನ್ನು ಪಡೆಯದಿದ್ದರೆ ದೊಡ್ಡ ಮೊತ್ತದ ಠೇವಣಿ ಇಡಬೇಕಾಗುತ್ತದೆ. ವಿದೇಶಿ ಕ್ರೆಡಿಟ್ ಕಾರ್ಡುಗಳು ನೀಡುವ ಬಾಡಿಗೆ ಕಾರಿನ ವಿಮೆಯಲ್ಲಿ ಕೆಲವು ಐರ್ಲೆಂಡನ್ನು ಹೊರಗಿಟ್ಟಿವೆ. ಡಬ್ಲಿನ್ ಸುತ್ತಲಿನ ಎಂ50 ಹೆದ್ದಾರಿಯಲ್ಲಿ ಸುಂಕದ ಕಟ್ಟೆಯಿಲ್ಲ. ಸುಂಕವನ್ನು ಮರುದಿನ ರಾತ್ರಿ 8 ಗಂಟೆಯೊಳಗೆ ಪಾವತಿಸದಿದ್ದರೆ ದಂಡ ಬೀಳುತ್ತದೆ.

ವಿದ್ಯುತ್, ಆಹಾರ ಮತ್ತು ಮದ್ಯ

ವಿದ್ಯುತ್ ಉತ್ಪಾದನೆಯು ಬಹುಮಟ್ಟಿಗೆ ನೈಸರ್ಗಿಕ ಅನಿಲವನ್ನು ಅವಲಂಬಿಸಿದೆ. ಅನಿಲದ ದೊಡ್ಡ ಭಾಗವು ಸ್ಕಾಟ್ಲೆಂಡ್‌ನಿಂದ ಕೊಳವೆಮಾರ್ಗದ ಮೂಲಕ ಬರುತ್ತದೆ. ಚದುರಿದ ಮನೆಗಳಿಗೆ ತಂತಿ ಎಳೆಯುವ ವೆಚ್ಚವೂ ಹೆಚ್ಚು. ದತ್ತಾಂಶ ಕೇಂದ್ರಗಳು 2015ರಲ್ಲಿ ದೇಶದ ವಿದ್ಯುತ್ತಿನ ಶೇ. 5ರಷ್ಟನ್ನು ಬಳಸುತ್ತಿದ್ದರೆ, 2023ರಲ್ಲಿ ಶೇ. 21ರಷ್ಟನ್ನು ಬಳಸಿದವು.

ಹೆಚ್ಚಿನ ಆಹಾರ ಪದಾರ್ಥಗಳು, ಪುಸ್ತಕಗಳು ಮತ್ತು ಮಕ್ಕಳ ಉಡುಪುಗಳಿಗೆ ಮೌಲ್ಯವರ್ಧಿತ ತೆರಿಗೆಯ ದರ ಸೊನ್ನೆ. ಜರ್ಮನಿಯ ಆಲ್ಡಿ ಮತ್ತು ಲಿಡ್ಲ್ ಮಳಿಗೆಗಳು ಬಂದ ಮೇಲೆ ದಿನಸಿ ವ್ಯಾಪಾರದಲ್ಲಿ ಪೈಪೋಟಿ ಹೆಚ್ಚಿತು. ಆದುದರಿಂದ ಮನೆಯ ಅಡುಗೆಯ ವೆಚ್ಚಕ್ಕೂ ಹೋಟೆಲ್ ಊಟದ ವೆಚ್ಚಕ್ಕೂ ದೊಡ್ಡ ಅಂತರವಿದೆ. ಮದ್ಯದ ಮೇಲೆ ಅಬಕಾರಿ ಸುಂಕದ ಜೊತೆಗೆ, 2022ರ ಜನವರಿಯಿಂದ ಪ್ರತಿ ಗ್ರಾಂ ಆಲ್ಕೊಹಾಲ್‌ಗೆ 10 ಸೆಂಟ್‌ನ ಕನಿಷ್ಠ ಬೆಲೆ ಜಾರಿಯಲ್ಲಿದೆ. ಇದರ ಉದ್ದೇಶ ಆದಾಯವಲ್ಲ, ಸಾರ್ವಜನಿಕ ಆರೋಗ್ಯ.

ಆದಾಯದೊಂದಿಗೆ ಹೋಲಿಕೆ

ಐರ್ಲೆಂಡ್‌ನ ತಲಾ ಜಿಡಿಪಿ ಜಗತ್ತಿನಲ್ಲಿಯೇ ಅತ್ಯಧಿಕವಾದವುಗಳಲ್ಲಿ ಒಂದು. ಆದರೆ ಅದರಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಲಾಭದ ಪಾಲು ದೊಡ್ಡದು. 2015ರಲ್ಲಿ ಕೆಲವು ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಐರ್ಲೆಂಡ್‌ಗೆ ವರ್ಗಾಯಿಸಿದಾಗ, ಜನರ ಬದುಕಿನಲ್ಲಿ ಅದಕ್ಕೆ ತಕ್ಕ ಬದಲಾವಣೆಯಿಲ್ಲದೆ ಜಿಡಿಪಿ ಕಾಲುಭಾಗದಷ್ಟು ಜಿಗಿಯಿತು. ಈ ಕಾರಣದಿಂದ ದೇಶದ ಕೇಂದ್ರ ಅಂಕಿಅಂಶ ಕಚೇರಿಯು ಪರಿಷ್ಕೃತ ರಾಷ್ಟ್ರೀಯ ಆದಾಯ ಎಂಬ ಬೇರೆ ಅಳತೆಯನ್ನು ಪ್ರಕಟಿಸುತ್ತದೆ. ಶಾಸನಬದ್ಧ ಕನಿಷ್ಠ ವೇತನವು 2025ರ ಜನವರಿಯಿಂದ ಗಂಟೆಗೆ 13.50 ಯೂರೋ ಆಯಿತು. ವೇತನ ಹೆಚ್ಚಿದ್ದರೂ, ಬಾಡಿಗೆ ಮನೆಯಲ್ಲಿರುವ ಮತ್ತು ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ ಕುಟುಂಬದ ಕೈಯಲ್ಲಿ ಉಳಿಯುವುದು ಕಡಿಮೆ. 2008ಕ್ಕೆ ಬಹಳ ಮುಂಚೆಯೇ ಸ್ವಂತ ಮನೆ ಕೊಂಡು ಸಾಲ ತೀರಿಸಿದವರಿಗೆ ಇದೇ ದೇಶ ಅಷ್ಟು ದುಬಾರಿಯೆನಿಸುವುದಿಲ್ಲ. ಹೀಗಾಗಿ ಜೀವನ ವೆಚ್ಚದ ಪ್ರಶ್ನೆಯು ತಲೆಮಾರುಗಳ ನಡುವಿನ ಅಸಮಾನತೆಯ ಪ್ರಶ್ನೆಯೂ ಆಗಿದೆ.

ಸರಕಾರದ ಕ್ರಮಗಳು

• 2016ರ ಕೊನೆಯಲ್ಲಿ ಬಾಡಿಗೆ ಒತ್ತಡದ ವಲಯಗಳನ್ನು ಗುರುತಿಸಿ, ಅಲ್ಲಿ ವಾರ್ಷಿಕ ಬಾಡಿಗೆ ಏರಿಕೆಯನ್ನು ಶೇ. 4ಕ್ಕೆ ಸೀಮಿತಗೊಳಿಸಲಾಯಿತು. 2021ರಲ್ಲಿ ಈ ಮಿತಿಯನ್ನು ಗರಿಷ್ಠ ಶೇ. 2ಕ್ಕೆ ಇಳಿಸಲಾಯಿತು.
• 2022ರಲ್ಲಿ ಸಾರ್ವಜನಿಕ ಸಾರಿಗೆಯ ದರಗಳನ್ನು ಕಡಿತಗೊಳಿಸಲಾಯಿತು. ಡಬ್ಲಿನ್‌ನಲ್ಲಿ 2 ಯೂರೋಗಳಿಗೆ 90 ನಿಮಿಷಗಳ ಪ್ರಯಾಣದ ವ್ಯವಸ್ಥೆ ಬಂದಿತು.
• 2022ರಿಂದ ಮನೆಗಳ ವಿದ್ಯುತ್ ಬಿಲ್ಲಿಗೆ ನೇರ ಸಹಾಯಧನ ನೀಡಲಾಯಿತು.
• 2023ರಿಂದ ಪ್ರಾಥಮಿಕ ಶಾಲಾ ಮಕ್ಕಳಿಗೆ ಪಠ್ಯಪುಸ್ತಕಗಳು ಉಚಿತವಾದವು.

ಇಂತಹ ಸಹಾಯಧನಗಳು ತಕ್ಷಣದ ಹೊರೆಯನ್ನು ತಗ್ಗಿಸಿದರೂ, ಬೆಲೆ ಏರಿಕೆಗೆ ಮೂಲವಾದ ವಸತಿ ಮತ್ತು ಸಾರಿಗೆಯ ಕೊರತೆಗಳನ್ನು ನೀಗಿಸುವುದಿಲ್ಲ.

ಭಾರತೀಯರು ಮತ್ತು ಜೀವನ ವೆಚ್ಚ

2022ರ ಜನಗಣತಿಯಲ್ಲಿ ಐರ್ಲೆಂಡ್‌ನಲ್ಲಿ 45,449 ಭಾರತೀಯ ಪ್ರಜೆಗಳಿದ್ದರು. ಇವರಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯೋಗಿಗಳು, ದಾದಿಯರು ಮತ್ತು ವಿದ್ಯಾರ್ಥಿಗಳು ಸೇರಿದ್ದಾರೆ. ವಿದ್ಯಾರ್ಥಿ ವೀಸಾಕ್ಕೆ ಬೋಧನಾ ಶುಲ್ಕವಲ್ಲದೆ ಜೀವನ ವೆಚ್ಚಕ್ಕಾಗಿ ತೋರಿಸಬೇಕಾದ ಮೊತ್ತವನ್ನು 2023ರ ಜುಲೈಯಲ್ಲಿ 7,000 ಯೂರೋಗಳಿಂದ 10,000 ಯೂರೋಗಳಿಗೆ ಏರಿಸಲಾಯಿತು. ಡಬ್ಲಿನ್‌ನಲ್ಲಿ ಒಂದು ವರ್ಷದ ಬಾಡಿಗೆಗೂ ಊಟಕ್ಕೂ ಈ ಮೊತ್ತ ಸಾಲದೆ ಹೋಗಬಹುದು. ಪೂರ್ಣಾವಧಿ ಪದವಿ ವಿದ್ಯಾರ್ಥಿಗಳಿಗೆ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಕೆಲಸಕ್ಕೆ ಮಾತ್ರ ಅನುಮತಿಯಿದೆ.

ಭಾರತದಂತೆ ಐರ್ಲೆಂಡ್‌ನಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಭಾರತೀಯ ಚಾಲನಾ ಪರವಾನಗಿಯ ಮೇಲೆ ಸಂದರ್ಶಕರು 12 ತಿಂಗಳವರೆಗೆ ವಾಹನ ಓಡಿಸಬಹುದು. ಆದರೆ ಅದನ್ನು ನೇರವಾಗಿ ಐರಿಶ್ ಪರವಾನಗಿಗೆ ಬದಲಾಯಿಸಿಕೊಳ್ಳುವ ಒಪ್ಪಂದವಿಲ್ಲ. ಅಲ್ಲಿಯೇ ನೆಲೆಸುವವರು ಲಿಖಿತ ಮತ್ತು ಚಾಲನಾ ಪರೀಕ್ಷೆಗಳಲ್ಲಿ ಹೊಸದಾಗಿ ತೇರ್ಗಡೆಯಾಗಬೇಕು.