ಗಣಕಯಂತ್ರದೊಳಗಿನ ತೂಬುಗಳು

ನಾಗಲದಿನ್ನೆಯ ಮಗ್ಗುಲಲ್ಲಿ ತುಂಗಭದ್ರೆ ತಾನಾಗಿಯೇ ಹರಿಯುತ್ತಾಳೆ. ಆದರೆ ಆದವಾನಿ, ಎಮ್ಮಿಗನೂರು ಕಡೆಯ ಹೊಲಗಳಿಗೆ ಆಕೆಯ ನೀರು ಬರುವುದು ಬಲದಂಡೆಯ ಕೆಳಮಟ್ಟದ ಕಾಲುವೆಯಿಂದ. ಕಾಲುವೆಗೆ ಅಡ್ಡಲಾಗಿ ಗೇಟುಗಳನ್ನಿಟ್ಟು ಕಟ್ಟಿದ ಕಟ್ಟಡವನ್ನು ನೀರಾವರಿ ಇಲಾಖೆಯವರು ರೆಗ್ಯುಲೇಟರ್ ಎನ್ನುತ್ತಾರೆ. ವಾಚಕರ ಜೇಬಿನಲ್ಲಿರುವ ಮೊಬೈಲಿನೊಳಗೂ ಇದೇ ಹೆಸರಿನ ಸಾಧನಗಳು ಹಲವಿವೆ. ಅವು ಹರಿಸುವುದು ವಿದ್ಯುತ್ತನ್ನು.

ಮೊಬೈಲಿನ ಬ್ಯಾಟರಿ ಕೊಡುವುದು ಸುಮಾರು 3.7 ವೋಲ್ಟ್. ಸಂಸ್ಕಾರಕಕ್ಕೆ ಬೇಕಾದುದು 1 ವೋಲ್ಟಿನ ಆಸುಪಾಸು; ಇತರ ಭಾಗಗಳಿಗೆ 1.8, 3.3 ಹೀಗೆ ಬೇರೆ ಬೇರೆ. ಹೆಚ್ಚಾದರೆ ಬಿಲ್ಲೆ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಲೆಕ್ಕ ತಪ್ಪುತ್ತದೆ. ಒಂದೊಂದು ಭಾಗವನ್ನೂ ನಡೆಸಲು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಡ್ರೈವರ್ ಎಂಬ ಚಿಕ್ಕ ತಂತ್ರಾಂಶವಿರುತ್ತದೆ. ಕ್ಯಾಮೆರಾ ಮತ್ತು ಸ್ಪರ್ಶಪರದೆ ಒಂದೇ 1.8 ವೋಲ್ಟಿನ ದಾರಿಯಲ್ಲಿವೆ ಎಂದುಕೊಳ್ಳೋಣ. ಕ್ಯಾಮೆರಾದ ಡ್ರೈವರ್ ತನ್ನ ಕೆಲಸ ಮುಗಿಯಿತೆಂದು ದಾರಿಯನ್ನೇ ಮುಚ್ಚಿದರೆ ಪರದೆ ಸತ್ತುಹೋಗುತ್ತದೆ. ತನ್ನ ಹೊಲ ತೊಯ್ದಿತೆಂದು ಮೇಲಿನವನು ತೂಬು ಮುಚ್ಚಿದರೆ ಕೊನೆಯ ಹೊಲದವನ ಗತಿಯೇನೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ.

2001ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ, ಕನ್ನಡವನ್ನೂ ಗಟ್ಟಿಯಾಗಿ ಓದಬಲ್ಲ ಸಿಂಪ್ಯೂಟರ್ ಎಂಬ ಅಂಗೈ ಗಣಕ ಬ್ಯಾಟರಿಯ ಬಲದಿಂದಲೇ ಲಿನಕ್ಸ್ ವ್ಯವಸ್ಥೆಯನ್ನು ನಡೆಸುತ್ತಿತ್ತು. ಆ ಕಾಲದ ಲಿನಕ್ಸಿನಲ್ಲಿ ಈ ಹಂಚಿಕೆಗೆಂದು ಸಾಮಾನ್ಯ ಏರ್ಪಾಡು ಇರಲಿಲ್ಲ. ಲಿಯಮ್ ಗರ್ಡ್‌ವುಡ್, ಮಾರ್ಕ್ ಬ್ರೌನ್ ಮೊದಲಾದವರು ರಚಿಸಿದ ರೆಗ್ಯುಲೇಟರ್ ಚೌಕಟ್ಟು 2008ರಲ್ಲಿ, ಲಿನಕ್ಸಿನ 2.6.27ನೆಯ ಆವೃತ್ತಿಯಲ್ಲಿ, ಸೇರಿತು.

ಈ ಚೌಕಟ್ಟಿನಲ್ಲಿ ಡ್ರೈವರ್ ತೂಬನ್ನು ಮುಟ್ಟುವಂತಿಲ್ಲ. 'ನನಗೆ ಬೇಕು', 'ನನಗೆ ಸಾಕು' ಎಂದಷ್ಟೇ ಹೇಳಬೇಕು. ಚೌಕಟ್ಟು ಬೇಕೆಂದವರ ಎಣಿಕೆ ಇಟ್ಟು, ಅದು ಸೊನ್ನೆಯಾದಾಗ ಮಾತ್ರ ಮುಚ್ಚುತ್ತದೆ. ಬೇಕೆಂದವನು ಸಾಕೆನ್ನಲು ಮರೆತರೆ ದಾರಿ ತೆರೆದೇ ಇದ್ದು ಬ್ಯಾಟರಿ ಸುಮ್ಮನೆ ಬರಿದಾಗುತ್ತದೆ. ವೋಲ್ಟೇಜನ್ನು ಕೇಳುವುದೂ ಹೀಗೆಯೇ. ಒಬ್ಬ 1.7ರಿಂದ 1.9, ಇನ್ನೊಬ್ಬ 1.8ರಿಂದ 2.0 ಎಂದರೆ ಇಬ್ಬರಿಗೂ ಒಪ್ಪುವ ವ್ಯಾಪ್ತಿಯಲ್ಲಿ ಅತಿ ಕಡಿಮೆಯಾದ 1.8 ದೊರೆಯುತ್ತದೆ. ಹೊಂದದಿದ್ದರೆ ಕೋರಿಕೆಯೇ ತಿರಸ್ಕೃತ. ಇದೆಲ್ಲಕ್ಕೂ ಮೇಲೆ ಫಲಕವನ್ನು ವಿನ್ಯಾಸ ಮಾಡಿದವರು ಬರೆದಿಟ್ಟ ಮಿತಿಯಿದೆ. ಅದನ್ನು ಯಾವ ಡ್ರೈವರೂ ಮೀರಲಾಗದು.

ವೋಲ್ಟೇಜ್ ತಗ್ಗಿಸುವುದರ ಲಾಭ ಸಣ್ಣದಲ್ಲ. ಸಂಸ್ಕಾರಕವು ಲೆಕ್ಕಕ್ಕೆಂದು ವ್ಯಯಿಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ವೇಗ ಅಷ್ಟೇ ಇದ್ದರೂ 1.2ರಿಂದ 0.9 ವೋಲ್ಟಿಗೆ ಇಳಿಸಿದರೆ ಅದು ಶೇಕಡ 56ಕ್ಕೆ ಇಳಿಯುತ್ತದೆ. ಆದರೆ ಕ್ರಮ ತಪ್ಪಬಾರದು: ವೇಗ ಹೆಚ್ಚಿಸುವಾಗ ಮೊದಲು ವೋಲ್ಟೇಜ್ ಏರಬೇಕು, ತಗ್ಗಿಸುವಾಗ ಮೊದಲು ವೇಗ ಇಳಿಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಯಂತ್ರ ಎಚ್ಚರಗೊಂಡ ಮೇಲೆ ಯಾರೂ ಬೇಕೆನ್ನದ, ಸದಾ ತೆರೆದಿರಲೆಂದು ಗುರುತಿಸದ ದಾರಿಗಳನ್ನು ಚೌಕಟ್ಟು ಮುಚ್ಚಿಬಿಡುತ್ತದೆ. ನಾನು ಕೆಲಸ ಮಾಡುತ್ತಿದ್ದ ಒಂದು ಫಲಕದಲ್ಲಿ ಸ್ಪರ್ಶಪರದೆ ಆರಂಭದಲ್ಲಿ ಸರಿಯಾಗಿದ್ದು, ಅರ್ಧ ನಿಮಿಷದಲ್ಲಿ ಸ್ತಬ್ಧವಾಗುತ್ತಿತ್ತು. ಬಿಲ್ಲೆಯೇ ಕೆಟ್ಟಿದೆಯೆಂದು ಮೂರು ದಿನ ಬದಲಾಯಿಸಿ ನೋಡಿದೆವು. ಕೊನೆಗೆ ತಿಳಿದದ್ದು, ಯಂತ್ರವನ್ನು ಎಬ್ಬಿಸುವ ತಂತ್ರಾಂಶ ತೆರೆದಿಟ್ಟಿದ್ದ ದಾರಿಯಲ್ಲಿ ಪರದೆ ಪುಕ್ಕಟೆಯಾಗಿ ನಡೆಯುತ್ತಿತ್ತು. ಅದರ ಡ್ರೈವರ್ 'ನನಗೆ ಬೇಕು' ಎಂದು ಒಮ್ಮೆಯೂ ಹೇಳಿರಲಿಲ್ಲ.