ಗಂಡಿಲ್ಲದೆ ಮರಿಯಾದ ಶಾರ್ಕ್: ಸುದ್ದಿಯ ಹಿಂದಿನ ವಿಜ್ಞಾನ



ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಮತ್ಸ್ಯಾಗಾರದಲ್ಲಿ 2025ರ ಜನವರಿಯಲ್ಲಿ ಒಂದು ಶಾರ್ಕ್ ಮೊಟ್ಟೆಯೊಡೆದು ಮರಿ ಹೊರಬಂತು. ಆ ತೊಟ್ಟಿಯಲ್ಲಿದ್ದದ್ದು ಎರಡು ಹೆಣ್ಣು ಮೀನುಗಳು ಮಾತ್ರ. ಮೂರು ವರ್ಷಕ್ಕೂ ಮೇಲ್ಪಟ್ಟು ಅವು ಗಂಡು ಮೀನನ್ನು ಕಂಡಿರಲಿಲ್ಲ. ಇಂತಹ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು 'ಕನ್ಯೆಗೆ ಜನಿಸಿದ ಮರಿ' ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ಕರಾವಳಿಯಿಂದ ಹೋಗಿ ಈಗ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು, ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಇದನ್ನು ಕೇಳಿದರೆ ಏನು ಹೇಳಬೇಕೆಂದು ವಿಚಾರಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಮೊದಲು ಮೀನಿನ ವಿಷಯ ತಿಳಿದುಕೊಳ್ಳೋಣ.

ನಾವು ತಾಟೆ ಎಂದೋ ಕೊಂಕಣಿಯಲ್ಲಿ ಮೋರಿ ಎಂದೋ ಕರೆಯುವ ಶಾರ್ಕ್ ಮತ್ತು ನಮ್ಮ ತೊರಕೆ ಒಂದೇ ಬಳಗದವು. ಎರಡಕ್ಕೂ ಗಟ್ಟಿ ಮೂಳೆಯಿಲ್ಲ, ಮೃದ್ವಸ್ಥಿ ಮಾತ್ರ. ಬೂತಾಯಿ, ಬಂಗುಡೆಗಳು ಸಾವಿರಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತವೆ, ಗಂಡು ಹೊರಗಿನಿಂದಲೇ ವೀರ್ಯ ಬಿಡುತ್ತದೆ. ಈ ಬಳಗದಲ್ಲಿ ಹಾಗಲ್ಲ. ಗಂಡಿನ ಹೊಟ್ಟೆಯಡಿಯ ಈಜುರೆಕ್ಕೆಗಳ ಬಳಿ ಎರಡು ಕಡ್ಡಿಯಂತಹ ಅಂಗಗಳಿರುತ್ತವೆ. (ಮೀನು ಶುಚಿಮಾಡುವವರು ಇವನ್ನು ನೋಡಿಯೇ ಇರುತ್ತಾರೆ.) ಅವುಗಳ ಮೂಲಕ ಹೆಣ್ಣಿನ ಒಡಲಲ್ಲೇ ಗರ್ಭಾಧಾನವಾಗುತ್ತದೆ. ಮುಂದೆ ಎರಡು ದಾರಿ. ಮುಳ್ಳುಬಾಲದ ತೊರಕೆಗಳು ಮತ್ತು ಹೆಚ್ಚಿನ ದೊಡ್ಡ ಶಾರ್ಕ್‌ಗಳು ಮರಿ ಹಾಕುತ್ತವೆ. ಬಿದಿರು ಶಾರ್ಕ್, ಜೀಬ್ರಾ ಶಾರ್ಕ್, ಬೆಕ್ಕುಶಾರ್ಕ್‌ಗಳು ಮತ್ತು ತೊರಕೆಯನ್ನೇ ಹೋಲುವ ಸ್ಕೇಟ್ ಎಂಬ ಮೀನುಗಳು ಮೊಟ್ಟೆ ಇಡುತ್ತವೆ.

ಮೊಟ್ಟೆಯೆಂದರೆ ಕೋಳಿಮೊಟ್ಟೆಯಂತಲ್ಲ. ಹೆಣ್ಣಿನ ಅಂಡನಾಳದ ಒಂದು ಗ್ರಂಥಿಯು ಚರ್ಮದಂತಹ ಗಟ್ಟಿ ಚೀಲವನ್ನು ನೇಯುತ್ತದೆ. ಒಳಗೆ ಭ್ರೂಣ ಮತ್ತು ಅದರ ಬುತ್ತಿಯಾದ ಹಳದಿ. ಜೀಬ್ರಾ ಶಾರ್ಕ್‌ನ ಚೀಲ ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ಚೀಲದ ಎಳೆಗಳು ಸಮುದ್ರತಳದ ಕಲ್ಲು ಹವಳಗಳಿಗೆ ಸುತ್ತಿಕೊಳ್ಳುತ್ತವೆ. ಕೆಲವು ತಿಂಗಳಲ್ಲಿ ಚೀಲದ ಸೀಳುಗಳು ತೆರೆದು ನೀರು ಒಳಹೊರಗೆ ಆಡತೊಡಗುತ್ತದೆ, ಭ್ರೂಣ ಬಾಲವಾಡಿಸಿ ನೀರು ಸೆಳೆದುಕೊಳ್ಳುತ್ತದೆ. ಆದರೆ ಆ ಅಲುಗಾಟವೇ ಶತ್ರುವಿಗೆ ಸುಳಿವು. ಶತ್ರು ಸಮೀಪಿಸಿದ್ದನ್ನು ಅದರ ವಿದ್ಯುತ್ ಸ್ಪಂದನದಿಂದ ಅರಿತು ಬಿದಿರು ಶಾರ್ಕ್‌ನ ಭ್ರೂಣ ಉಸಿರಾಟವನ್ನೂ ನಿಲ್ಲಿಸಿ ಸ್ತಬ್ಧವಾಗುತ್ತದೆಂದು 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಹುಟ್ಟುವ ಮೊದಲೇ ಇಷ್ಟು ಜಾಗ್ರತೆ!

ಇನ್ನು ಗಂಡಿಲ್ಲದ ತೊಟ್ಟಿಯ ಮಾತು. ಇದಕ್ಕೆ ಎರಡು ಕಾರಣಗಳಿರಬಹುದು. ಹೆಣ್ಣು ಶಾರ್ಕ್ ವೀರ್ಯಾಣುಗಳನ್ನು ಒಡಲಲ್ಲಿ ಬಹುಕಾಲ ಕಾಯ್ದಿಡಬಲ್ಲದು. ಕ್ಯಾಲಿಫೋರ್ನಿಯಾದಲ್ಲಿ ಒಂದು ಬಿದಿರು ಶಾರ್ಕ್ ಗಂಡಿನಿಂದ ಬೇರ್ಪಟ್ಟು 45 ತಿಂಗಳ ನಂತರ ಫಲಿತ ಮೊಟ್ಟೆ ಇಟ್ಟದ್ದು 2015ರಲ್ಲಿ ವರದಿಯಾಯಿತು. ಆ ಮರಿಗೆ ತಂದೆಯಿದ್ದುದು ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಆದ್ದರಿಂದ ಪರೀಕ್ಷೆಯಿಲ್ಲದೆ 'ತಂದೆಯಿಲ್ಲದ ಮರಿ' ಎನ್ನುವುದು ಅವಸರದ ಮಾತು. ಶ್ರೀವ್‌ಪೋರ್ಟ್‌ನವರೂ ಮರಿ ಹೊರಬಂದಾಗ ಎರಡೂ ಸಾಧ್ಯತೆಗಳನ್ನು ತೆರೆದಿಟ್ಟಿದ್ದರು. 2024ರಲ್ಲಿ ಉತ್ತರ ಕೆರೊಲಿನಾದ 'ಷಾರ್ಲೆಟ್' ಎಂಬ ತೊರಕೆ ಗಂಡಿಲ್ಲದೆ ಗರ್ಭ ಧರಿಸಿದೆಯೆಂದು ಲೋಕವೆಲ್ಲ ಸುದ್ದಿಯಾಯಿತು. ಮರಿ ಹುಟ್ಟಲೇ ಇಲ್ಲ. ಅದಕ್ಕೆ ಗರ್ಭಾಂಗದ ರೋಗವಿದೆಯೆಂದು ಆಮೇಲೆ ಪ್ರಕಟವಾಯಿತು, ಮೀನು ಸತ್ತಿತು.

ಎರಡನೆಯದು ಅನಿಷೇಕ ಜನನ. ಇದೂ ನಿಜವೇ. ನೆಬ್ರಾಸ್ಕಾದ ಒಮಾಹಾ ಮೃಗಾಲಯದಲ್ಲಿ 2001ರಲ್ಲಿ ಹುಟ್ಟಿದ ಸುತ್ತಿಗೆತಲೆ ಜಾತಿಯ ಮರಿಯೊಂದರಲ್ಲಿ ತಂದೆಯ ಅಂಶವೇ ಇಲ್ಲವೆಂದು 2007ರಲ್ಲಿ ಸಿದ್ಧವಾಯಿತು. ಶಾರ್ಕ್‌ಗಳಲ್ಲಿ ಡಿಎನ್‌ಎಯಿಂದ ಖಚಿತಪಟ್ಟ ಮೊದಲ ಪ್ರಕರಣ ಅದು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 'ಲಿಯೋನಿ' ಎಂಬ ಜೀಬ್ರಾ ಶಾರ್ಕ್ ಮೊದಲು ಗಂಡಿನೊಡನೆ ಕೂಡಿ ಮರಿಗಳನ್ನು ಪಡೆದಿತ್ತು. ಗಂಡನ್ನು ಬೇರ್ಪಡಿಸಿ ಕೆಲವು ವರ್ಷಗಳಾದ ಮೇಲೆ, 2016ರಲ್ಲಿ, ಅದರ ಮೂರು ಮೊಟ್ಟೆಗಳು ಮರಿಯಾದವು. ಮೂರರಲ್ಲೂ ತಾಯಿಯ ಡಿಎನ್‌ಎ ಮಾತ್ರ.

ಇದು ಆಗುವ ಬಗೆಯನ್ನು ಧರ್ಮಕೇಂದ್ರದ ಕೆಲಸಗಾರರಿಗೆ ಪರಿಚಿತವಾದ ಜ್ಞಾನಸ್ನಾನದ ದಾಖಲೆ ಪುಸ್ತಕದಿಂದ ವಿವರಿಸಬಹುದು. ಪುಸ್ತಕಕ್ಕೆ ಎರಡು ಪ್ರತಿಗಳಿವೆ ಎನ್ನಿ. ಒಂದರ ಪುಟವನ್ನು ಗೆದ್ದಲು ತಿಂದರೂ ಇನ್ನೊಂದರಲ್ಲಿ ಓದಬಹುದು. ಜೀವಕೋಶದಲ್ಲೂ ವಂಶವಾಹಿಗಳು ಹೀಗೆ ಜೋಡಿಯಾಗಿರುತ್ತವೆ: ತಾಯಿಯದೊಂದು, ತಂದೆಯದೊಂದು. ಅಂಡಾಣು ರೂಪುಗೊಳ್ಳುವಾಗ ಜೋಡಿ ಬೇರೆಯಾಗಿ ಒಂದೊಂದೇ ಉಳಿಯುತ್ತದೆ. ಜೊತೆಗೆ ಧ್ರುವಕೋಶಗಳೆಂಬ ಚಿಕ್ಕ ಕೋಶಗಳು ಹುಟ್ಟಿ, ಸಾಮಾನ್ಯವಾಗಿ ನಶಿಸುತ್ತವೆ. ಅನಿಷೇಕ ಜನನದಲ್ಲಿ ಅಂಥದೊಂದು ಕೋಶ ವೀರ್ಯಾಣುವಿನ ಬದಲಿಗೆ ಅಂಡಾಣುವನ್ನು ಸೇರುತ್ತದೆ. ಜೋಡಿ ಪೂರ್ಣವಾಯಿತು ನಿಜ, ಆದರೆ ಎರಡನೆಯ ಪ್ರತಿ ಬಹುಮಟ್ಟಿಗೆ ಮೊದಲನೆಯದರ ಜೆರಾಕ್ಸ್. ಗೆದ್ದಲು ತಿಂದ ಪುಟ ಎರಡರಲ್ಲೂ ಖಾಲಿ. ಹಾಗಾಗಿಯೇ ಇಂತಹ ಮರಿಗಳಲ್ಲಿ ಅನೇಕವು ಬಹುಕಾಲ ಬಾಳುವುದಿಲ್ಲ.

ಮರಿಗಳೆಲ್ಲ ಹೆಣ್ಣೇ ಏಕೆ? ಜೀಬ್ರಾ ಶಾರ್ಕ್‌ಗೆ 102, ಬಿದಿರು ಶಾರ್ಕ್‌ಗೆ 106 ವರ್ಣತಂತುಗಳು. ನಮಗಿರುವುದು 46. ಸಂಖ್ಯೆ ಬೇರೆಯಾದರೂ ಅವುಗಳಲ್ಲೂ ನಮ್ಮಂತೆ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ಮತ್ತು ವೈ. ತಾಯಿಯಲ್ಲಿ ಇಲ್ಲದ ವೈ ಮರಿಗೆ ಎಲ್ಲಿಂದ ಬರಬೇಕು?

ಧರ್ಮೋಪದೇಶಕರಿಗೆ ಉತ್ತರ ಇಲ್ಲಿಯೇ ಇದೆ. ಯೇಸುಸ್ವಾಮಿಯ ಜನನ ಪವಿತ್ರಾತ್ಮರ ಕಾರ್ಯವೆಂದು ಧರ್ಮಸಭೆ ವಿಶ್ವಾಸಿಸುತ್ತದೆ. ಪ್ರಕೃತಿಯ ಒಂದು ಅಪರೂಪದ ಪ್ರಕ್ರಿಯೆ ಎಂದು ಅದು ಎಂದೂ ಬೋಧಿಸಿಲ್ಲ. ಶಾರ್ಕ್‌ನ ಮರಿ ಅದಕ್ಕೆ ಸಾಕ್ಷಿಯೂ ಅಲ್ಲ, ಸವಾಲೂ ಅಲ್ಲ. ಕೆಲವು ಇಂಗ್ಲಿಷ್ ಪತ್ರಿಕೆಗಳು ಇದಕ್ಕೆ 'ಅಮಲೋದ್ಭವ' ಎಂಬರ್ಥದ ಪದವನ್ನೂ ಬಳಸುವುದುಂಟು. ಅಮಲೋದ್ಭವವೆಂದರೆ 1854ರಲ್ಲಿ ಘೋಷಿತವಾದಂತೆ ಮರಿಯಮ್ಮನವರು ತಮ್ಮ ತಾಯಿಯ ಗರ್ಭದಲ್ಲಿ ಜನ್ಮಪಾಪರಹಿತರಾಗಿ ಉದ್ಭವಿಸಿದ್ದು. ಇದು ನಮ್ಮವರಲ್ಲೂ ಕೆಲವರಿಗೆ ಗೊಂದಲವಾಗುವ ವಿಷಯ, ತರಗತಿಯಲ್ಲಿ ತಿದ್ದಿ ಹೇಳಬೇಕು. ಅಂದಹಾಗೆ, ಮೀನಿನ ಒಡಲನ್ನು ಕೊಯ್ದು ನೋಡಿ, ಮರಿ ಹಾಕುವ ಪ್ರಾಣಿಗಳ ಹೆಣ್ಣಿನಲ್ಲೂ ಅಂಡಗಳಿವೆ ಎಂದು 1667ರಲ್ಲಿ ಬರೆದವರು ನಿಕೊಲಾಸ್ ಸ್ಟೆನೊ. ಅದೇ ವರ್ಷ ಕಥೋಲಿಕರಾದ ಅವರು ಮುಂದೆ ಧರ್ಮಾಧ್ಯಕ್ಷರಾದರು. 1988ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು.

ಗಂಡಿಲ್ಲದೆಯೂ ಮರಿಯಾಗುವುದಾದರೆ ಸಂತತಿಗೆ ಭಯವಿಲ್ಲ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಫ್ಲೋರಿಡಾದ ನದೀಮುಖದಲ್ಲಿ ಪರೀಕ್ಷಿಸಿದ ಗರಗಸ ಮೀನುಗಳಲ್ಲಿ ಸುಮಾರು ನೂರಕ್ಕೆ ಮೂರು ಅನಿಷೇಕವಾಗಿ ಹುಟ್ಟಿದವೆಂದು 2015ರಲ್ಲಿ ತಿಳಿದುಬಂತು. ಗಂಡು ಹೆಣ್ಣು ಸಂಧಿಸುವುದೇ ಕಷ್ಟವಾಗುವಷ್ಟು ಆ ಮೀನು ವಿರಳವಾಗಿದೆ ಎಂಬುದೇ ಇದರ ಕಾರಣವಿರಬಹುದೆಂದು ಸಂಶೋಧಕರ ಊಹೆ. ತೊರಕೆಯ ಬಳಗಕ್ಕೇ ಸೇರಿದ ಗರಗಸ ಮೀನಿಗೆ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆಯಿದೆ. 2021ರ ಮಾರ್ಚ್‌ನಲ್ಲಿ ಮಲ್ಪೆಯಲ್ಲಿ ಅಂಥದೊಂದು ದೊಡ್ಡ ಮೀನು ಬಲೆಗೆ ಸಿಕ್ಕಿ ಬಂದರಿಗೆ ಬಂದಾಗ ನೋಡಲು ಜನ ಸೇರಿದ್ದರು.

ಬಿದಿರು ಶಾರ್ಕ್ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡು ಮೊಟ್ಟೆ. ಅವು ಮರಿಯಾಗಲು ನಾಲ್ಕೈದು ತಿಂಗಳು ಬೇಕು. ನಮ್ಮ ಮಳೆಗಾಲದ ಮೀನುಗಾರಿಕೆ ನಿಷೇಧ 61 ದಿನ. ತಳ ಗುಡಿಸುವ ಟ್ರಾಲ್ ಬಲೆಯಲ್ಲಿ ಕಂದು ಬಣ್ಣದ ಚರ್ಮದ ಚೀಲ ಸಿಕ್ಕರೆ ಅದನ್ನು ಬೆಳಕಿಗೆ ಹಿಡಿದು ನೋಡಬಹುದು. ಒಳಗೆ ಹಳದಿಯೋ ಚಲಿಸುವ ಮರಿಯೋ ಕಂಡರೆ ಅದು ಕಸವಲ್ಲ, ಒಣಗುವ ಮೊದಲೇ ನೀರಿಗೆ ಹಿಂತಿರುಗಿಸಬೇಕಾದ ಮೊಟ್ಟೆ.