ನಡುದಾರಿಯ ನೆರವಿಗೆ ಚಂದಾ

ಕಾರಿನ ವಿಮೆ ನವೀಕರಿಸುವ ತಿಂಗಳು ಬಂದಾಗ ಅನೇಕ ಮನೆಗಳಲ್ಲಿ ಒಂದು ಚಿಕ್ಕ ಚರ್ಚೆ ನಡೆಯುವುದುಂಟು. ವಿಮೆಯ ಪ್ರತಿನಿಧಿ ಕಂತಿನ ಲೆಕ್ಕವನ್ನೆಲ್ಲ ಒಪ್ಪಿಸಿ, ಕೊನೆಗೆ, “ದಾರಿಯಲ್ಲಿ ಗಾಡಿ ಕೆಟ್ಟರೆ ಬಂದು ನೋಡುವ ಯೋಜನೆಯೂ ಇದೆ ಸಾರ್, ಸೇರಿಸಿಬಿಡಲೇ?” ಎಂದು ಕೇಳುತ್ತಾನೆ. ಯಜಮಾನರು, “ಬೇಡಪ್ಪ, ಇದುವರೆಗೆ ಗಾಡಿ ಎಲ್ಲಿಯೂ ನಿಂತಿಲ್ಲ” ಎನ್ನುತ್ತಾರೆ. ಒಳಗಿನಿಂದ ಮನೆಯಾಕೆ, “ನಿಲ್ಲುವ ದಿನ ಮೊದಲೇ ಹೇಳಿ ನಿಲ್ಲುತ್ತದೆಯೇ?” ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಇಂಗ್ಲಿಷಿನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಎಂದು ಕರೆಯುವ ಈ ಏರ್ಪಾಟಿಗೆ ನಾವು ನಡುದಾರಿಯ ನೆರವು ಎನ್ನಬಹುದು. ಅದಕ್ಕೆ ವರ್ಷವರ್ಷವೂ ಹಣ ಕೊಡುವುದು ಲಾಭವೋ ನಷ್ಟವೋ ಎಂಬುದನ್ನು ಇಲ್ಲಿ ವಿಚಾರಿಸೋಣ.

ದಾರಿಹೋಕರಿಗೆ ನೆರವಾಗುವುದು ನಮ್ಮಲ್ಲಿ ಹೊಸ ಸಂಗತಿಯಲ್ಲ. ಅರವಟ್ಟಿಗೆಗೆ ದತ್ತಿ ಬಿಟ್ಟ ವಿಷಯ ನಮ್ಮ ಶಾಸನಗಳಲ್ಲಿ ಬರುತ್ತದೆ. ಹಳಗನ್ನಡದಲ್ಲಿ ‘ಅಱ’ ಎಂದರೆ ಧರ್ಮ. ನೀರು ಕುಡಿದವನಿಂದ ಏನನ್ನೂ ಕೇಳದ ಏರ್ಪಾಟು ಅದು. ಮೋಟಾರು ಗಾಡಿಯ ಕಾಲಕ್ಕೆ ಈ ಧರ್ಮ ಸಂಘದ ರೂಪ ತಾಳಿತು. ಲಂಡನ್ನಿನಲ್ಲಿ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದು ಕೆಟ್ಟ ಗಾಡಿಗಳನ್ನು ರಿಪೇರಿ ಮಾಡಲಿಕ್ಕಲ್ಲ. ಆಗ ಅಲ್ಲಿ ಗಂಟೆಗೆ 20 ಮೈಲಿಯ ವೇಗಮಿತಿ ಇತ್ತು. ಪೋಲೀಸರು ಪೊದೆಯ ಮರೆಯಲ್ಲಿ ಕುಳಿತು ಅದನ್ನು ಮೀರಿದವರನ್ನು ಹಿಡಿಯುತ್ತಿದ್ದರು. ಅದರ ಮುನ್ಸೂಚನೆ ಕೊಡುವುದೇ ಸಂಘದ ಸೈಕಲ್ ಸವಾರರ ಕೆಲಸ. ಹೀಗೆ ಎಚ್ಚರಿಸುವುದು ಅಪರಾಧವೆಂದು 1910ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸಂಘದವರು ಉಪಾಯ ಹೂಡಿದರು: ಸವಾರ ಸದಸ್ಯರಿಗೆ ಎಂದಿನಂತೆ ಸಲಾಮು ಮಾಡಿದರೆ ಮುಂದೆ ದಾರಿ ಸುಗಮ, ಮಾಡದಿದ್ದರೆ ಗಾಡಿ ನಿಲ್ಲಿಸಿ ಕಾರಣ ಕೇಳತಕ್ಕದ್ದು! ಕ್ರಮೇಣ ಅದೇ ಸವಾರರು ಕೈಯಲ್ಲಿ ಸ್ಪಾನರು ಹಿಡಿದು ಕೆಟ್ಟ ಗಾಡಿಗಳನ್ನು ಸರಿಪಡಿಸತೊಡಗಿದರು. ನಮ್ಮ ದೇಶದಲ್ಲಿಯೂ ಇಂಥ ಸಂಘಗಳು ಹಳೆಯವೇ. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ 1919ರದು. ಈಗ ಈ ಸಂಘಗಳ ಜೊತೆಗೆ ಕಾರು ತಯಾರಕರು, ವಿಮಾ ಕಂಪನಿಗಳು, ಇದನ್ನೇ ವ್ಯಾಪಾರವಾಗಿಸಿಕೊಂಡ ಇತರ ಸಂಸ್ಥೆಗಳು ಎಲ್ಲರೂ ಈ ನೆರವನ್ನು ಮಾರುತ್ತಾರೆ.

ಮೊದಲು ಹಣದ ಲೆಕ್ಕ. ವರ್ಷದ ಚಂದಾ ಸಾವಿರದ ಐನೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಎಂಟು ವರ್ಷಕ್ಕೆ 12,000 ಆಯಿತು. ಈ ಅವಧಿಯಲ್ಲಿ ಗಾಡಿ ಎರಡು ಸಲ ನಡುದಾರಿಯಲ್ಲಿ ನಿಂತು, ಪ್ರತಿಸಲವೂ ಎಳೆದೊಯ್ಯಲು ಐದು ಸಾವಿರ ಖರ್ಚಾಯಿತೆಂದರೂ 10,000. ಎರಡು ಸಾವಿರ ಕೈಬಿಟ್ಟ ಹಾಗಾಯಿತು. ಇದರಲ್ಲಿ ಮೋಸವೇನೂ ಇಲ್ಲ. ಫೋನು ಹಿಡಿದು ಕೂತವರ ಸಂಬಳ, ಕಚೇರಿಯ ಬಾಡಿಗೆ, ಲಾಭ ಎಲ್ಲವೂ ಸದಸ್ಯರ ಚಂದಾದಿಂದಲೇ ಹುಟ್ಟಬೇಕು. ಆದ್ದರಿಂದ ಸದಸ್ಯರೆಲ್ಲರೂ ಸೇರಿ ಕೊಟ್ಟದ್ದಕ್ಕಿಂತ ಪಡೆದದ್ದು ಕಡಮೆಯಾಗಿಯೇ ಇರುತ್ತದೆ. ಹಣವನ್ನೇ ನೋಡುವುದಾದರೆ, ಐದು ಸಾವಿರದ ಅನಿರೀಕ್ಷಿತ ಖರ್ಚನ್ನು ತಡೆದುಕೊಳ್ಳಬಲ್ಲ ಸಂಸಾರಕ್ಕೆ ಈ ಚಂದಾ ಬೇಕಿಲ್ಲ.

ಆದರೆ ರಾತ್ರಿ ಹತ್ತು ಗಂಟೆಗೆ ಚಾರ್ಮಾಡಿಯ ತಿರುವಿನಲ್ಲಿ ನಿಂತವನ ಕೊರತೆ ಹಣದ್ದಲ್ಲ. ಜೇಬಿನಲ್ಲಿ ಹತ್ತು ಸಾವಿರವಿದ್ದರೂ ಕೂಗಿದರೆ ಲಾರಿ ಬರುವುದಿಲ್ಲ. ಅವನಿಗೆ ಬೇಕಾದದ್ದು ಬರುವ ಒಬ್ಬ ಮನುಷ್ಯ. ಚಂದಾ ಕೊಟ್ಟು ನಾವು ಕೊಳ್ಳುವುದು ಆ ಮನುಷ್ಯನ ಬರವನ್ನು. ಆದಕಾರಣ ‘ಎಷ್ಟು ರೂಪಾಯಿ’ ಎಂಬ ಪ್ರಶ್ನೆಗಿಂತ ‘ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ’ ಎಂಬುದೇ ಮುಖ್ಯ.

ಜರ್ಮನಿಯ ಎಡಿಎಸಿ ಎಂಬ ಸಂಘಕ್ಕೆ ಎರಡು ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ. ಅಲ್ಲಿ ಹಳದಿ ಗಾಡಿಯಲ್ಲಿ ಬರುವ ನುರಿತ ಮೆಕ್ಯಾನಿಕ್ ಹೆಚ್ಚಿನ ಕಾರುಗಳನ್ನು ನಿಂತ ಜಾಗದಲ್ಲಿಯೇ ಓಡುವ ಹಾಗೆ ಮಾಡುತ್ತಾನೆ. ನಮ್ಮಲ್ಲಿನ ಅನೇಕ ಯೋಜನೆಗಳ ರೀತಿ ಬೇರೆ. ಚಂದಾ ಪಡೆದವರಿಗೆ ಸ್ವಂತ ಲಾರಿಯಾಗಲಿ ಮೆಕ್ಯಾನಿಕ್ ಆಗಲಿ ಇರುವುದಿಲ್ಲ. ದೂರದ ಊರಿನ ಕಚೇರಿಯಲ್ಲಿ ಫೋನು ಎತ್ತಿದವರು ನೀವಿರುವ ಸ್ಥಳದ ಹತ್ತಿರ ಒಪ್ಪಂದದಲ್ಲಿರುವ ಗ್ಯಾರೇಜಿನವನನ್ನು ಹುಡುಕಿ ಕಳಿಸುತ್ತಾರೆ. ಅಂಥವನು ಹತ್ತಿರದಲ್ಲಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ನೆರವೆಂಬುದು ಕಾಗದದ ಮೇಲೆ ಮಾತ್ರ.

ನಮ್ಮ ಶಾಲೆಯ ಗಣಿತದ ಮೇಷ್ಟರು ವಯಸ್ಸಾದ ತಾಯಿಯನ್ನು ಧರ್ಮಸ್ಥಳಕ್ಕೆ ಕರೆದೊಯ್ಯುವಾಗ ಗುಂಡ್ಯದ ಹತ್ತಿರ ಕಾರಿನ ಕ್ಲಚ್ಚು ಕೈಕೊಟ್ಟಿತು. ಅವರಿಗೆ ಒಂದು ಸಂಸ್ಥೆಯ ಸದಸ್ಯತ್ವವಿತ್ತು. ಫೋನಿನ ಆ ಕಡೆಯವರಿಗೆ ಗುಂಡ್ಯ ಎಲ್ಲಿದೆಯೆಂದು ತಿಳಿಸುವುದರಲ್ಲಿಯೇ ಬಹಳ ಹೊತ್ತು ಕಳೆಯಿತು. ಲಾರಿ ಬರಲು ಮೂರು ಗಂಟೆ ಹಿಡಿಯಿತು. ಬಂದ ಮೇಲೆ ಇನ್ನೊಂದು ತೊಡಕು: ಉಚಿತ ದೂರ 50 ಕಿಲೋಮೀಟರು, ಅದನ್ನೂ ಲಾರಿ ಹೊರಟ ಊರಿನಿಂದಲೇ ಎಣಿಸತಕ್ಕದ್ದು. ಮಿಕ್ಕ ದೂರಕ್ಕೆ ಕೈಯಿಂದ ಕೊಟ್ಟರು. ಲೆಕ್ಕದಲ್ಲಿ ನಿಷ್ಠುರರಾದ ಅವರು ಸದಸ್ಯತ್ವವನ್ನು ಬಿಟ್ಟಿರಬೇಕೆಂದು ನಾನೆಣಿಸಿದ್ದೆ. ಬಿಟ್ಟಿಲ್ಲ. “ಕತ್ತಲಾಗುವುದರೊಳಗೆ ಲಾರಿ ಬಂತಲ್ಲ ಪಂಡಿತರೇ, ಅಮ್ಮನನ್ನು ಇಟ್ಟುಕೊಂಡು ಆ ಕಾಡಿನಲ್ಲಿ ನಾನೇನು ಮಾಡಬೇಕಿತ್ತು?” ಎಂದರು.

ಆದ್ದರಿಂದ ಹಣ ಕಟ್ಟುವ ಮುಂಚೆ ಆ ಸಂಸ್ಥೆಯ ಸಹಾಯವಾಣಿಗೆ ಒಮ್ಮೆ ಫೋನು ಮಾಡಿ ಕೇಳುವುದು ಒಳ್ಳೆಯದು. ನೀವು ಹೆಚ್ಚಾಗಿ ಹೋಗುವ ದಾರಿಯ ಹೆಸರು ಹೇಳಿ, ಅಲ್ಲಿಗೆ ಯಾವ ಊರಿನಿಂದ ಲಾರಿ ಬರುತ್ತದೆಂದು ವಿಚಾರಿಸಿ. ಉತ್ತರ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿದಂತೆಯೇ. ಷರತ್ತುಗಳ ಸಣ್ಣಕ್ಷರವನ್ನೂ ಕನ್ನಡಕ ಹಾಕಿಕೊಂಡು ಓದಬೇಕು. ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಎಷ್ಟು ದೂರ ಎಳೆದೊಯ್ಯುತ್ತಾರೆ, ಸದಸ್ಯರಾದ ಎಷ್ಟು ದಿನಕ್ಕೆ ನೆರವು ಆರಂಭ ಎಂಬುದೆಲ್ಲ ಅಲ್ಲಿರುತ್ತದೆ. ‘ಪಂಕ್ಚರ್ ನೆರವು’ ಎಂದರೆ ಸಾಮಾನ್ಯವಾಗಿ ಸ್ಟೆಪ್ನಿ ಹಾಕಿಕೊಡುವುದು, ಪಂಕ್ಚರ್ ಮುಚ್ಚುವುದಲ್ಲ. ‘ಪೆಟ್ರೋಲ್ ನೆರವು’ ಎಂದರೆ ತಂದುಕೊಡುವ ಶ್ರಮ ಅವರದು, ಪೆಟ್ರೋಲಿನ ಬೆಲೆ ಬಹುಮಟ್ಟಿಗೆ ನಿಮ್ಮದು. ಚರಂಡಿಗೆ ಇಳಿದ ಗಾಡಿಯನ್ನು ಮೇಲೆತ್ತುವ ಕೆಲಸವನ್ನು ಹಲವರು ಒಪ್ಪುವುದೇ ಇಲ್ಲ.

ಇನ್ನು, ಕೊಳ್ಳುವ ಮುಂಚೆ ಮನೆಯಲ್ಲಿ ಈಗಾಗಲೇ ಏನಿದೆಯೆಂದು ನೋಡಿಕೊಳ್ಳಬೇಕು. ಹೊಸ ಕಾರಿನ ಜೊತೆ ತಯಾರಕರೇ ಕೆಲವು ವರ್ಷ ಈ ನೆರವನ್ನು ಕೊಡುವುದು ಈಗ ವಾಡಿಕೆ. ಅದು ಇರುವಾಗ ಇನ್ನೊಂದು ಚಂದಾ ಕಟ್ಟಿದರೆ ಒಂದೇ ಮಳೆಗೆ ಎರಡು ಕೊಡೆ ಹಿಡಿದಂತೆ. ವಿಮಾಪತ್ರದಲ್ಲಿಯೂ ಒಂದು ಸಾಲು ಉಂಟು. 2002ರ ಭಾರತ ಮೋಟಾರು ದರಪಟ್ಟಿಯ ಮಾದರಿ ಪತ್ರದಂತೆ, ಅಪಘಾತವಾದ ಖಾಸಗಿ ಕಾರನ್ನು ಹತ್ತಿರದ ರಿಪೇರಿ ಸ್ಥಳಕ್ಕೆ ಸಾಗಿಸಲು 1,500 ರೂಪಾಯಿವರೆಗೆ ಕಂಪನಿ ಕೊಡಬೇಕು. ದ್ವಿಚಕ್ರ ವಾಹನಕ್ಕೆ 300. ಆದರೆ ಇದು ಅಪಘಾತಕ್ಕೆ ಮಾತ್ರ. ಯಂತ್ರ ತಾನಾಗಿ ಕೆಟ್ಟರೆ ವಿಮೆಗೂ ಅದಕ್ಕೂ ಸಂಬಂಧವಿಲ್ಲ. ಆ ಕೊರತೆಯನ್ನು ತುಂಬಲೆಂದೇ ಪ್ರತಿನಿಧಿ ಹೇಳುವ ಹೆಚ್ಚುವರಿ ಯೋಜನೆ ಇರುವುದು. ಅದು ಪ್ರತ್ಯೇಕ ಸದಸ್ಯತ್ವಕ್ಕಿಂತ ಸಾಮಾನ್ಯವಾಗಿ ಅಗ್ಗ. ಬರಿಯ ಥರ್ಡ್ ಪಾರ್ಟಿ ವಿಮೆ ಮಾಡಿಸಿದ ಹಳೆಯ ಗಾಡಿಗೆ ಅದನ್ನು ಸೇರಿಸಲು ಬರುವುದಿಲ್ಲ. ಕೆಡುವ ಸಂಭವ ಹೆಚ್ಚಿರುವುದು ಅಂಥ ಗಾಡಿಗೇ ಎಂಬುದು ಬೇರೆ ಮಾತು.

ಟೋಲ್ ಕೊಟ್ಟು ಓಡಾಡುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಗಸ್ತು ವಾಹನ, ಆಂಬ್ಯುಲೆನ್ಸ್, ಕ್ರೇನು ಇಟ್ಟಿರುತ್ತಾರೆ. 1033 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಫೋನು ಮಾಡಬಹುದು. ಅವರ ಮುಖ್ಯ ಉದ್ದೇಶ ರಸ್ತೆ ತೆರವು ಮಾಡುವುದು. ನಿಮ್ಮ ಊರಿನ ಗ್ಯಾರೇಜಿಗೆ ಗಾಡಿ ತಲುಪಿಸುವುದಲ್ಲ. ಆದರೂ ಅಪಾಯದ ಸ್ಥಳದಿಂದ ಪಾರಾಗಲು ಇದಕ್ಕಿಂತ ಬೇಗನೆ ಒದಗುವ ನೆರವು ಬೇರೆ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಬೇಲಿ ಕಟ್ಟಿದ ದಾರಿಯಲ್ಲಿ ಇದರ ಬೆಲೆ ತಿಳಿಯುತ್ತದೆ. 2023ರ ಆಗಸ್ಟಿನಿಂದ ಅದರ ಮುಖ್ಯ ರಸ್ತೆಗೆ ಸ್ಕೂಟರು, ಆಟೋಗಳಿಗೆ ಪ್ರವೇಶವಿಲ್ಲ. ಹಿಂದೆ ಪಕ್ಕದ ಹಳ್ಳಿಯಿಂದ ಸ್ಕೂಟರಿನಲ್ಲಿ ಬಂದು ಬಾನೆಟ್ಟು ಎತ್ತುತ್ತಿದ್ದ ಹುಡುಗ ಈಗ ಅಲ್ಲಿಗೆ ಬರಲಾರ.

ಗಾಡಿಗಳು ನಿಲ್ಲುವುದಾದರೂ ಏಕೆ? ಜರ್ಮನಿಯ ಆ ಸಂಘ ಪ್ರತಿವರ್ಷ ಇದರ ಲೆಕ್ಕ ಪ್ರಕಟಿಸುತ್ತದೆ. 2023ರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕರೆಗಳಿಗೆ ಕಾರಣ ಬ್ಯಾಟರಿ. ಅಲ್ಲಿಯ ಚಳಿ ನಮ್ಮಲ್ಲಿಲ್ಲ. ಆದರೆ ವಾರವೆಲ್ಲ ಮನೆಯ ಮುಂದೆ ನಿಂತು, ಭಾನುವಾರ ಮಾರ್ಕೆಟ್ಟಿಗೆ ಹೋಗಿಬರುವ ಕಾರಿನ ಬ್ಯಾಟರಿಗೆ ತುಂಬಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ದೂರದ ಪ್ರಯಾಣಕ್ಕೆ ಮುಂಚೆ ಪರೀಕ್ಷೆ ಮಾಡಿಸಿ, ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡಿ, ಡಿಕ್ಕಿಯಲ್ಲಿ ಒಂದು ಜೊತೆ ಜಂಪರ್ ಕೇಬಲ್ ಇಟ್ಟುಕೊಂಡವನು ಅರ್ಧ ಸದಸ್ಯತ್ವ ಪಡೆದಂತೆಯೇ ಸರಿ. ಈಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಗಾಳಿ ತುಂಬುವ ಯಂತ್ರ ಮತ್ತು ಒಂದು ಸೀಸೆ ಅಂಟು ಮಾತ್ರ. ಇದು ಕೊಂಡವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಮಾಡಿಕೊಂಡರೂ ಸದಸ್ಯತ್ವ ಬೇಕೇಬೇಕೆನ್ನುವ ಗಾಡಿಗಳುಂಟು. ಆಟೊಮ್ಯಾಟಿಕ್ ಗೇರಿನ ಕಾರನ್ನು ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ. ಹಗ್ಗ ಕಟ್ಟಿ ಎಳೆಯುವುದಂತೂ ಕೂಡದು. ಅದರ ಗೇರುಪೆಟ್ಟಿಗೆಗೆ ಎಣ್ಣೆ ಹರಿಸುವ ಪಂಪು ಸಾಮಾನ್ಯವಾಗಿ ಎಂಜಿನ್ನಿನಿಂದಲೇ ತಿರುಗತಕ್ಕದ್ದು. ಎಂಜಿನ್ನು ನಿಂತಿರುವಾಗ ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ವಿದ್ಯುತ್ ಕಾರಿನಲ್ಲಿ ಚಕ್ರದೊಡನೆ ಮೋಟಾರೂ ತಿರುಗುವುದರಿಂದ ಅದನ್ನೂ ಎಳೆಯಬಾರದು. ಇವೆರಡನ್ನೂ ಲಾರಿಯ ಬೆನ್ನಮೇಲೆ ಹೊತ್ತೇ ಸಾಗಿಸಬೇಕು. ಅಂಥ ಚಪ್ಪಟೆ ಹಾಸಿನ ಲಾರಿ ಪ್ರತಿ ಊರಿನಲ್ಲಿಯೂ ಸಿಕ್ಕುವುದಿಲ್ಲ. ಅದನ್ನು ಹುಡುಕಿ ಕಳಿಸುವವರಿಗೆ ಚಂದಾ ಕೊಡುವುದು ನ್ಯಾಯವೇ.

ನನ್ನ ಅಭಿಪ್ರಾಯ ಹೀಗಿದೆ. ಊರೊಳಗೆ ಓಡಾಡುವ ಗೇರಿನ ಕಾರಿಗೆ, ಪರಿಚಯದ ಮೆಕ್ಯಾನಿಕ್ ಫೋನಿಗೆ ಸಿಕ್ಕುವ ಮನೆಗೆ ಇದು ಅನಾವಶ್ಯಕ. ಐದಾರು ವರ್ಷ ಹಳೆಯದಾದ ಕಾರಿನಲ್ಲಿ ತಿಂಗಳಿಗೊಮ್ಮೆ ಘಟ್ಟ ಇಳಿದು ಹತ್ತುವವರು ವಿಮೆಯ ಜೊತೆಯಲ್ಲಿಯೇ ಸೇರಿಸಿಕೊಳ್ಳಲಿ. ಮಗಳೋ ಸೊಸೆಯೋ ಕೆಲಸದ ನಿಮಿತ್ತ ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬಳೇ ಹೆದ್ದಾರಿಯಲ್ಲಿ ಬರುವ ಮನೆಯಲ್ಲಿ ಎರಡು ಸಾವಿರದ ನಷ್ಟದ ಲೆಕ್ಕ ಹಾಕುತ್ತ ಕೂರುವುದು ಬೇಡ.

ಚಂದಾ ಕೊಟ್ಟಿರಲಿ ಬಿಡಲಿ, ಗಾಡಿ ನಿಂತಾಗ ಮಾಡತಕ್ಕದ್ದು ಒಂದೇ. ಸಾಧ್ಯವಾದಷ್ಟು ಎಡಕ್ಕೆ ಸರಿಸಿ, ನಾಲ್ಕೂ ದೀಪ ಮಿನುಗಿಸಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ಕಾರಿನಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಬೇಕು. ಆಮೇಲೆ ಫೋನು. ಎಲ್ಲಿದ್ದೀರಿ ಎಂದು ಕೇಳಿದಾಗ ‘ಒಂದು ದೊಡ್ಡ ಆಲದ ಮರದ ಹತ್ತಿರ’ ಎಂದರೆ ದೂರದ ಊರಿನವರಿಗೆ ತಿಳಿಯದು. ಮೊಬೈಲಿನಿಂದ ಸ್ಥಳದ ಗುರುತು ಕಳಿಸಬಹುದು. ಘಟ್ಟದಲ್ಲಿ ಇಂಟರ್ನೆಟ್ ಸಿಕ್ಕದಿದ್ದರೆ ಹತ್ತಿರದ ಕಿಲೋಮೀಟರು ಕಲ್ಲನ್ನು ನೋಡಿ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಅದರ ಮೇಲಿರುವ ರಸ್ತೆಯ ಸಂಖ್ಯೆ, ಊರಿನ ಹೆಸರು, ದೂರ ಈ ಮೂರನ್ನೂ ಓದಿ ಹೇಳಿದರೆ ಲಾರಿಯವನು ಸರಿಯಾಗಿ ಅಲ್ಲಿಗೇ ಬರುತ್ತಾನೆ.